ಹಾಜಿಯವರ ಕೋರಂ ವ್ಯಾನು

ನನ್ನ ತಂಗಿಯ ಮಗಳಿಗೆ ಕಳೆದ ವರ್ಷ ಒಂದು ಟ್ರಸ್ಟಿನ ಶಾಲೆಯಲ್ಲಿ ಆಡಳಿತಾಧಿಕಾರಿಯ ಕೆಲಸ ಸಿಕ್ಕಿತು. ಸೇರುವ ಮುಂಚೆ ನಮ್ಮ ಮನೆಗೆ ಬಂದು, "ಮೌಶಿ, ನೀವು ಇದೇ ಕೆಲಸ ಮಾಡಿದವರಲ್ವಾ? ಕಮಿಟಿಯವರ ಹತ್ತಿರ ಹೇಗೆ ಇರ್ಬೇಕು ಹೇಳಿ" ಎಂದಳು. ಅವಳ ಕೋರ್ಸಿನಲ್ಲಿ ಬೋರ್ಡಿನ ಕೆಲಸ ಯಾವುದು, ಆಫೀಸಿನ ಕೆಲಸ ಯಾವುದು, ಎರಡರ ನಡುವಿನ ಗೆರೆ ಎಲ್ಲಿ ಎಂದು ಚಿತ್ರ ಬರೆದು ಕಲಿಸಿದ್ದರಂತೆ. ಆ ಚಿತ್ರವನ್ನು ನನಗೂ ತೋರಿಸಿದಳು. ಚೌಕಗಳು, ಬಾಣಗಳು, ಎಲ್ಲವೂ ಚೊಕ್ಕವಾಗಿದ್ದವು. ನೀರುಳ್ಳಿ ಚೀಲ ಮಾತ್ರ ಎಲ್ಲೂ ಕಾಣಲಿಲ್ಲ. ಹಾಗೆಂದು ಹೇಳಿದಾಗ ಮೌಶಿಗೆ ವಯಸ್ಸಾಯಿತು ಎಂದುಕೊಂಡಿರಬೇಕು, ಸುಮ್ಮನೆ ನಕ್ಕಳು. ಅವಳಿಗೆ ಅರ್ಥವಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ನಾನು ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಭಾರತೀಯ ಶಾಲೆಯಲ್ಲಿ ಆಫೀಸ್ ಸೂಪರಿಂಟೆಂಡೆಂಟ್ ಆಗಿದ್ದೆ. ಆ ಶಾಲೆ ಯಾರ ಸ್ವಂತದ್ದೂ ಆಗಿರಲಿಲ್ಲ, ಲಾಭಕ್ಕೆ ನಡೆಸುವುದೂ ಆಗಿರಲಿಲ್ಲ. ಊರುಬಿಟ್ಟು ಬಂದವರು ತಮ್ಮ ಮಕ್ಕಳಿಗಾಗಿ ಕಟ್ಟಿಕೊಂಡದ್ದು. ಪೋಷಕರು ತಮ್ಮೊಳಗಿನಿಂದಲೇ ಆರಿಸಿದ ಹದಿನೈದು ಮಂದಿಯ ಕಮಿಟಿ ಅದನ್ನು ನಡೆಸುತ್ತಿತ್ತು. ಹಗಲಿಗೆ ನನ್ನ ಯಜಮಾನರು ಪ್ರಿನ್ಸಿಪಾಲರು, ಸಂಜೆಗೆ ಕಮಿಟಿ. ಇವರು ಬೇಕೆಂದದ್ದು ಅವರಿಗೆ ಬೇಡ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಆ ಎರಡರ ನಡುವೆ ಒಂದು ಮೇಜು ಹಾಕಿಕೊಂಡು ನಾನು ಕೂತಿದ್ದೆ.

ಶಾಲೆ ನಡೆಯುತ್ತಿದ್ದದ್ದು ಬಾಡಿಗೆಯ ಹಳೆಯ ವಿಲ್ಲಾದಲ್ಲಿ. ವಿಮಾನ ಇಳಿಯುವ ಹೊತ್ತಿಗೆ ಟೀಚರುಗಳು ಪಾಠ ನಿಲ್ಲಿಸಿ, ಅದು ನೆಲ ಮುಟ್ಟಿದ ಮೇಲೆ ವಾಕ್ಯ ಮುಂದುವರಿಸುತ್ತಿದ್ದರು. ಮನೆಯ ಯಜಮಾನನ ಮಲಗುವ ಕೋಣೆಯಾಗಿದ್ದದ್ದು ನಮ್ಮ ಸಭಾಕೋಣೆ. ಅದಕ್ಕೆ ಅಂಟಿದ ಬಚ್ಚಲಿನ ಗುಲಾಬಿ ಬಣ್ಣದ ಟಬ್ಬಿನಲ್ಲಿ ನಾವು ಹಳೆಯ ಉತ್ತರಪತ್ರಿಕೆಗಳನ್ನು ಪೇರಿಸಿಟ್ಟಿದ್ದೆವು.

ಸಭಾಕೋಣೆಯ ಕಿಟಕಿಯಲ್ಲಿ ಒಂದು ಹಳೆಯ ಏಸಿ ಇತ್ತು. ಅದು ತಂಪು ಮಾಡುವುದಕ್ಕಿಂತ ಹೆಚ್ಚು ಗುಡುಗುತ್ತಿತ್ತು. ಚರ್ಚೆ ಉದ್ದವಾದರೆ ಅಧ್ಯಕ್ಷರು ನನ್ನ ಕಡೆ ತಿರುಗಿ, "ಬಾಯಮ್ಮ, ಯಾರು ಎಂತ ಹೇಳುದು ಕೇಳುದಿಲ್ಲ. ಅದನ್ನು ಸ್ವಲ್ಪ ಆರಿಸಿ" ಎನ್ನುತ್ತಿದ್ದರು. ಜುಲೈ ತಿಂಗಳಲ್ಲಿ ಏಸಿ ಆರಿಸಿದ ಕೋಣೆಯಲ್ಲಿ ತತ್ತ್ವ ಮಾತಾಡುವ ಗಂಡಸು ಇನ್ನೂ ಹುಟ್ಟಿಲ್ಲ. ಬೆವರು ಕಿವಿಯ ಹಿಂದೆ ಇಳಿಯುವ ಮೊದಲೇ ನಿರ್ಣಯ ಆಗಿಬಿಡುತ್ತಿತ್ತು. ಸಭೆ ನಡೆಸುವ ಕಲೆಯಲ್ಲಿ ನಾನು ಕಲಿತ ಮೊದಲ ಪಾಠ ಇದು.

ಆ ಅಧ್ಯಕ್ಷರನ್ನು ಎಲ್ಲರೂ ಹಾಜಿಯವರು ಎಂದೇ ಕರೆಯುತ್ತಿದ್ದರು. ಉಳ್ಳಾಲದ ಕಡೆಯ ಬ್ಯಾರಿ. ಎಳೆಯ ವಯಸ್ಸಿನಲ್ಲಿ ಲಾಂಚು ಹತ್ತಿ ಬಂದವರು, ಅಲ್ ಮುಂತಜಾದಲ್ಲಿ ಸಗಟು ದಿನಸಿ ಅಂಗಡಿ ಇಟ್ಟಿದ್ದರು. ನಮ್ಮೂರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನೂ ಗಂಡಸರನ್ನೂ ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎಂದೂ, ಕಮಿಟಿಯ ಕಾರ್ಯದರ್ಶಿ ಸಿಕ್ವೇರಾ ಅವರನ್ನು ಪೊರ್ಬುಗಳೆಂದೂ ಕರೆಯುತ್ತಿದ್ದರು. ದೋಹಾದ ಆಫೀಸುಗಳಲ್ಲಿ ಇಡೀ ದಿನ ಮೇಡಂ, ಸರ್ ಕೇಳಿ ಬೇಸತ್ತ ಕಿವಿಗೆ ಆ ಒಂದು ಕರೆ ಸಾಕಾಗುತ್ತಿತ್ತು, ಮಂಗಳೂರಿನ ಬಂದರಿನ ಬೀದಿಯಲ್ಲಿ ನಿಂತ ಹಾಗೆ ಅನಿಸಲು.

ಸಿಕ್ವೇರಾ ಶಿರ್ವದವರು. ತೈಲ ಕಂಪೆನಿಯ ಅಕೌಂಟ್ಸ್ ವಿಭಾಗದಲ್ಲಿದ್ದರು. ಶರ್ಟಿನ ಜೇಬಿನಲ್ಲಿ ಮೂರು ಪೆನ್ಸಿಲು, ಮೂರೂ ಚೂಪು. ಅಜೆಂಡಾದಲ್ಲಿ ಇಲ್ಲದ ವಿಷಯ ಯಾರಾದರೂ ಎತ್ತಿದರೆ ಅವರಿಗೆ ಮೈಮೇಲೆ ಹಲ್ಲಿ ಬಿದ್ದ ಹಾಗಾಗುತ್ತಿತ್ತು. ಹಾಜಿಯವರಿಗೋ ಅಜೆಂಡಾ ಎಂದರೇನೇ ಬೇಸರ. ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಕೂತು ಹಾಲಿಲ್ಲದ ಸುಲೈಮಾನಿ ಚಾ ಕುಡಿಯುವಾಗ ಆಗುವ ಮಾತೇ ಅವರಿಗೆ ಸಭೆ. ಅಲ್ಲಿ ಕೊಟ್ಟ ಮಾತನ್ನು ಅವರು ಹಿಂದೆ ತೆಗೆದುಕೊಂಡದ್ದು ನಾನು ಕಂಡಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ ಇಬ್ಬರೂ ಎಳೆಯುತ್ತಿದ್ದರು, ಹೇಗೋ ಗಾಡಿ ಮುಂದೆ ಹೋಗುತ್ತಿತ್ತು.

ಈಗ ನಮ್ಮ ನಿಯಮಾವಳಿಯ ಕತೆ ಹೇಳಬೇಕು. ಶಾಲೆ ಶುರುವಾಗುವಾಗ ಅವಸರದಲ್ಲಿ ಒಂದು ಬೈಲಾ ಬೇಕಾಗಿತ್ತು. ಸಿಕ್ವೇರಾ ಅವರ ತಂದೆ ಊರಿನ ಹಾಲಿನ ಸೊಸೈಟಿಯ ಕಾರ್ಯದರ್ಶಿಯಾಗಿದ್ದವರು. ಅಲ್ಲಿಂದ ಬೈಲಾದ ಒಂದು ಪ್ರತಿ ತರಿಸಿ, ಇಂಗ್ಲಿಷಿಗೆ ಇಳಿಸಿ, ಹಾಲು ಇದ್ದಲ್ಲಿ ಫೀಸು, ಹಸು ಇದ್ದಲ್ಲಿ ವಿದ್ಯಾರ್ಥಿ ಎಂದು ತಿದ್ದಿ ಟೈಪು ಮಾಡಿಸಿದರು. ಒಂದು ಕಡೆ ತಿದ್ದಲು ಮರೆತುಹೋಯಿತು. ಹೊಸದಾಗಿ ಸೇರಿದ ಮಲಯಾಳಿ ಮಕ್ಕಳ ಡಾಕ್ಟರೊಬ್ಬರು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಸತತ ಮೂರು ತಿಂಗಳು ಹಾಲು ಹಾಕದ ಸದಸ್ಯನಿಗೆ ಮತದ ಹಕ್ಕಿಲ್ಲ ಎಂದು ಬರೆದಿದೆ, ನನಗೆ ಹಸು ಇಲ್ಲ, ನನ್ನ ಗತಿ ಏನು ಎಂದು ಬಹಳ ಗಂಭೀರವಾಗಿ ಕೇಳಿದರು. ಸಿಕ್ವೇರಾ ಕೆಂಪಾದರು. ಹಾಜಿಯವರು ಮಾತ್ರ ಶಾಂತವಾಗಿ, "ಡಾಕ್ಟ್ರೇ, ನೀವು ಅಂಗಡಿಯಿಂದ ಒಂದು ಲಬಾನ್ ತಂದ್ರೂ ಸಾಕು" ಎಂದರು. ಲಬಾನ್ ಎಂದರೆ ಅಲ್ಲಿ ಬಾಟಲಿಯಲ್ಲಿ ಸಿಗುವ ಮಜ್ಜಿಗೆ. ಮುಂದಿನ ಸಭೆಗೆ ಡಾಕ್ಟರು ನಿಜವಾಗಿಯೂ ಒಂದು ಪೆಟ್ಟಿಗೆ ಲಬಾನ್ ತಂದು ಎಲ್ಲರಿಗೂ ಹಂಚಿದರು.

ಆ ಸಾಲನ್ನು ತೆಗೆದುಹಾಕಿದೆವು. ಹಾಲಿನ ಸೊಸೈಟಿಯ ಇನ್ನೆರಡು ನಿಯಮಗಳು ಮಾತ್ರ ಉಳಿದವು. ಮೊದಲನೆಯದು, ಕಮಿಟಿಯ ಮೂರರಲ್ಲಿ ಎರಡು ಪಾಲು ಸದಸ್ಯರು ಬಂದರೆ ಮಾತ್ರ ಕೋರಂ. ಹದಿನೈದರಲ್ಲಿ ಹತ್ತು ತಲೆ ಬೇಕು. ಶಿರ್ವದಲ್ಲಿ ಇದು ಸರಿ, ಹಾಲು ಹಾಕಲು ಎಲ್ಲರೂ ದಿನಕ್ಕೆ ಎರಡು ಸಲ ಬಂದೇ ಬರುತ್ತಾರೆ. ನಮ್ಮವರಲ್ಲಿ ಒಬ್ಬರಿಗೆ ಶಿಫ್ಟು, ಒಬ್ಬರು ದುಖಾನಿನ ತೈಲಬಾವಿಯಲ್ಲಿ, ಮೂವರು ದೋಹಾದಿಂದ ದೂರ, ಕಾರ್ಖಾನೆಗಳ ಊರಾದ ಉಮ್ ಸೈದಿನಲ್ಲಿ. ಎರಡನೆಯದು, ತುರ್ತು ವಿಷಯವಿದ್ದು ಕೋರಂ ಆಗದಿದ್ದರೆ ಅಧ್ಯಕ್ಷರೊಬ್ಬರೇ ತೀರ್ಮಾನಿಸಬಹುದು. ಹಾಲು ಕಾಯುವುದಿಲ್ಲವಲ್ಲ, ಒಡೆದುಹೋಗುತ್ತದೆ.

ಕೋರಂ ಆಗದೆ ಸಭೆಗಳು ಬಿದ್ದುಹೋಗುತ್ತಿದ್ದವು. ನೀರಿನ ಕೂಲರ್ ಎಲ್ಲಿ ಇಡಬೇಕೆಂದು ನೇಮಿಸಿದ ಉಪಸಮಿತಿಯ ವರದಿ ಹೀಗೆಯೇ ಮೂರು ಸಲ ಮುಂದೆ ಹೋಗಿ, ಬೇಸಿಗೆ ಮುಗಿದು ಮಕ್ಕಳು ಸ್ವೆಟರ್ ಹಾಕಿಕೊಂಡು ಬರುವಾಗ ಮಂಜೂರಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅದಾದ ಮೇಲೆ ಹಾಜಿಯವರು ತಮ್ಮ ಅಂಗಡಿಯ ವ್ಯಾನನ್ನೇ ಸಭೆಯ ದಿನ ಸದಸ್ಯರ ಮನೆಗಳಿಗೆ ಕಳಿಸತೊಡಗಿದರು. ಮುಂದೆ ಇಬ್ಬರಿಗೆ ಸೀಟು, ಉಳಿದವರಿಗೆ ಹಿಂದೆ ನೀರುಳ್ಳಿ ಚೀಲಗಳ ಮೇಲೆ. ಇಂಜಿನಿಯರುಗಳು, ಬ್ಯಾಂಕಿನವರು, ಆ ಮಕ್ಕಳ ಡಾಕ್ಟರು, ಎಲ್ಲರೂ ಕೋಟಿನ ಮೇಲೆ ನೀರುಳ್ಳಿ ಸಿಪ್ಪೆ ಅಂಟಿಸಿಕೊಂಡು ಇಳಿಯುತ್ತಿದ್ದರು. ದಾರಿಯುದ್ದಕ್ಕೂ ಮಾತಾಡಿ ಬರುವುದರಿಂದ ಅರ್ಧ ಜಗಳ ಚೀಲದ ಮೇಲೆಯೇ ಮುಗಿದಿರುತ್ತಿತ್ತು. ನಾವು ಅದನ್ನು ಕೋರಂ ವ್ಯಾನು ಎಂದು ಕರೆಯುತ್ತಿದ್ದೆವು.

ನಾನು ಹೇಳಬೇಕೆಂದಿರುವುದು ಐರಿನ್ ಟೀಚರ ಸಂಗತಿ. ಐರಿನ್ ನಮ್ಮ ಗಣಿತದ ಟೀಚರು, ಉಡುಪಿ ಕಡೆಯವಳು. ಗಂಡನ ವೀಸಾದ ಮೇಲೆ ದೋಹಾದಲ್ಲಿದ್ದಳು. ಒಂದು ಡಿಸೆಂಬರಿನಲ್ಲಿ ಗಂಡನ ಕಂಪೆನಿ ಕೆಲಸ ಮುಚ್ಚಿ ಎಲ್ಲರನ್ನೂ ಊರಿಗೆ ಕಳಿಸಲು ಹೊರಟಿತು. ಗಂಡನ ವೀಸಾ ಹೋದರೆ ಅವಳದ್ದೂ ಹೋಗುತ್ತದೆ, ಮಗಳದ್ದೂ ಹೋಗುತ್ತದೆ. ಮಗಳು ನಮ್ಮಲ್ಲೇ ಹತ್ತನೆಯ ತರಗತಿ, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ನಡುವೆ ಹೊರಟರೆ ಹುಡುಗಿಯ ವರ್ಷ ಮಣ್ಣುಪಾಲು.

ಶಾಲೆಯ ಕೈಯಲ್ಲಿ ಆಗ ಒಂದೇ ಒಂದು ಟೀಚರ್ ವೀಸಾ ಉಳಿದಿತ್ತು. ಅದನ್ನು ಐರಿನ್‌ಗೆ ಕೊಟ್ಟರೆ ತಾಯಿ ಮಗಳು ಉಳಿಯಬಹುದು. ಆದರೆ ಹಾಜಿಯವರು ಊರಿಗೆ ಹೋಗಿದ್ದಾಗ ಅದನ್ನು ತಮ್ಮ ಭಾವನ ಮಗಳಿಗೆ, ಬಿ.ಎಡ್. ಮುಗಿಸಿ ಕೂತಿದ್ದ ಹುಡುಗಿಗೆ, ಕೊಡಿಸುವ ಮಾತಾಡಿ ಬಂದಿದ್ದರು. ಇದು ಇಡೀ ಶಾಲೆಗೆ ಗೊತ್ತಿತ್ತು.

ಐರಿನ್ ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದಳು.

"ಲಿಲ್ಲಿ ಬಾಯಿ, ನಾನು ಹಾಜಿಯವರ ಅಂಗಡಿಗೆ ಹೋಗಿ ಬಂದೆ."

"ಎಂತ ಹೇಳಿದ್ರು?"

"ಕೂತ್ಕೊಳ್ಳಿ ಅಂತ ಹೇಳಿದ್ರು, ಚಾ ಕೊಟ್ರು. ಮಗಳು ಹೇಗೆ ಓದ್ತಾಳೆ ಅಂತ ಕೇಳಿದ್ರು. ಕೊನೆಗೆ, ನಾನು ಮಾತು ಕೊಟ್ಟಾಗಿದೆ ಟೀಚರೇ, ಅಂತ ಅಷ್ಟೇ." ಅವಳು ಅಳಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣವನ್ನು ತಿರುಗಿಸುತ್ತಾ ನಿಂತಿದ್ದಳು. "ನನಗೆ ಉಪಕಾರ ಬೇಡ ಬಾಯಿ. ಮಾರ್ಚಿನ ತನಕ ಇರ್ಲಿಕ್ಕೆ ಬಿಟ್ರೆ ಸಾಕು."

ನನಗೆ ಹಾಜಿಯವರ ಮೇಲೆ ಸಿಟ್ಟು ಬಂತು. ಸಭೆಯಾದರೆ ಐರಿನ್ ಗೆಲ್ಲುತ್ತಾಳೆ ಎಂದು ನನಗೆ ಗೊತ್ತಿತ್ತು. ಕಮಿಟಿಯ ಹೆಚ್ಚಿನವರ ಮಕ್ಕಳು ಅವಳ ಹತ್ತಿರವೇ ಲೆಕ್ಕ ಕಲಿತವರು. ಹಾಜಿಯವರ ಕಡೆ ಖಂಡಿತ ಕೈ ಎತ್ತುವವರೆಂದರೆ ಅವರ ಅಂಗಡಿಯ ಮಗ್ಗುಲಲ್ಲೇ ಮನೆಯಿದ್ದ ಇಬ್ಬರು ಗೆಳೆಯರು ಮಾತ್ರ. ಆದರೆ ಸಭೆಯೇ ಆಗದಿದ್ದರೆ? ಆಗ ಹಾಲಿನ ಸೊಸೈಟಿಯ ಎರಡನೆಯ ನಿಯಮ. ತುರ್ತು ವಿಷಯ, ಅಧ್ಯಕ್ಷರೊಬ್ಬರೇ ತೀರ್ಮಾನಿಸಬಹುದು. ಅಧ್ಯಕ್ಷರೋ ಮಾತು ಕೊಟ್ಟವರು.

ಸಭೆ ಇದ್ದದ್ದು ಗುರುವಾರ ನಾಲ್ಕಕ್ಕೆ. ಅವತ್ತು ಬೆಳಗಿನಿಂದ ಮಳೆ. ದೋಹಾದಲ್ಲಿ ಮಳೆ ಎಂದರೆ ಕೊಡೆ ಹಿಡಿದು ನಡೆಯುವ ಮಳೆಯಲ್ಲ. ನೀರು ಹರಿದುಹೋಗಲು ಆಗ ಚರಂಡಿಯೇ ಇರಲಿಲ್ಲ. ಎರಡು ತಾಸು ಸುರಿದರೆ ರೌಂಡಬೌಟುಗಳು ಕೆರೆಯಾಗಿ, ಕಾರುಗಳು ನಡುರಸ್ತೆಯಲ್ಲಿ ಕೆಟ್ಟು ನಿಲ್ಲುತ್ತಿದ್ದವು. ಮಧ್ಯಾಹ್ನದಿಂದ ಫೋನು ಶುರುವಾಯಿತು. ಒಬ್ಬರ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಇನ್ನೊಬ್ಬರ ಗಲ್ಲಿಯಲ್ಲಿ ಮೊಣಕಾಲು ನೀರು. ಹಾಜಿಯವರ ಅಂಗಡಿಗೆ ಫೋನು ಮಾಡಿ, ವ್ಯಾನು ಕಳಿಸುತ್ತೀರಾ ಎಂದು ಕೇಳಿದೆ. ಡ್ರೈವರು ರಜೆಯಲ್ಲಿ ಊರಿಗೆ ಹೋಗಿದ್ದಾನೆ, ಹಾಜಿಯವರು ಹೊರಗೆ ಹೋಗಿದ್ದಾರೆ, ಎಲ್ಲಿಗೆ ಗೊತ್ತಿಲ್ಲ ಎಂದರು. ಆಯಿತು, ತಪ್ಪಿಸಿಕೊಂಡರು ಎಂದುಕೊಂಡೆ.

ನಾಲ್ಕಕ್ಕೆ ಸಭಾಕೋಣೆಯಲ್ಲಿ ಸಿಕ್ವೇರಾ ಸೇರಿ ಆರು ಸದಸ್ಯರು. ನಿಯಮದ ಪ್ರಕಾರ ಅರ್ಧ ಗಂಟೆ ಕಾಯಬೇಕು, ಅನಂತರ ಕೋರಂ ಇಲ್ಲವೆಂದು ಬರೆದು ಎದ್ದುಬಿಡಬೇಕು. ಸಿಕ್ವೇರಾ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಟ್ಟರು. ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಐರಿನ್ ಕೂತಿದ್ದಳು, ಪಕ್ಕದಲ್ಲಿ ಯೂನಿಫಾರ್ಮಿನಲ್ಲೇ ಮಗಳು.

ಸಮಯ ಹತ್ತಿರವಾದಾಗ ನಾನು ತಡೆಯಲಾರದೆ ಸಿಕ್ವೇರಾ ಅವರ ಬಳಿ ಬಗ್ಗಿ ಹೇಳಿದೆ, "ಸರ್, ಮಳೆ ಅಲ್ವಾ. ಇನ್ನು ಸ್ವಲ್ಪ ಕಾಯುವ."

"ನನಗೆ ಐರಿನ್ ಬೇಡ ಅಂತ ನೀವು ಎಣಿಸಿದ್ದೀರಾ?" ಅವರು ಗಡಿಯಾರವನ್ನು ನನ್ನ ಕಡೆ ತಿರುಗಿಸಿದರು. "ನನ್ನ ಮಗನಿಗೆ ಲೆಕ್ಕ ಬಂದದ್ದು ಅವಳಿಂದ. ಆದರೆ ಇವತ್ತು ನಮ್ಮವಳಿಗೆ ಅಂತ ನಿಯಮ ಬಗ್ಗಿಸಿದರೆ, ನಾಳೆ ಬೇರೆ ಯಾರಿಗೋ ಬಗ್ಗಿಸುವಾಗ ಬೇಡ ಅನ್ಲಿಕ್ಕೆ ನನಗೆ ಬಾಯಿ ಇರುದಿಲ್ಲ, ಲಿಲ್ಲಿ."

ಅವರು ಪೆನ್ಸಿಲು ಕೈಗೆತ್ತಿಕೊಂಡರು. ಅಷ್ಟರಲ್ಲಿ ಹೊರಗೆ ಹಾರ್ನು ಕೇಳಿಸಿತು. ಕಿಟಕಿಯಿಂದ ನೋಡಿದರೆ ಬಾಗಿಲಿನ ಹಿಡಿಯವರೆಗೆ ಕೆಸರು ಮೆತ್ತಿಕೊಂಡ ವ್ಯಾನು ಗೇಟಿನೊಳಗೆ ಬರುತ್ತಿತ್ತು. ಸ್ಟೇರಿಂಗಿನಲ್ಲಿ ಹಾಜಿಯವರು. ತೊಟ್ಟಿದ್ದ ಬಿಳಿ ತೋಪು, ಅರಬರ ಉದ್ದ ನಿಲುವಂಗಿ, ಮೊಣಕಾಲವರೆಗೆ ಒದ್ದೆ. ಹಿಂದಿನ ಬಾಗಿಲು ತೆರೆದಾಗ ನೀರುಳ್ಳಿ ಚೀಲಗಳಿಂದ ಒಬ್ಬೊಬ್ಬರಾಗಿ ಇಳಿದವರು ಉಮ್ ಸೈದಿನ ಮೂವರು ಸದಸ್ಯರು. ಹಾಜಿಯವರು ಸೇರಿ ಹತ್ತು.

ಒಳಗೆ ಬಂದವರೇ, "ಪೊರ್ಬುಗಳೇ, ಗಡಿಯಾರ ಕಟ್ಟಿಕೊಳ್ಳಿ. ಕೋರಂ ಆಯ್ತಲ್ಲಾ? ಯಲ್ಲಾ, ಶುರು ಮಾಡುವ" ಎಂದರು.

ಚರ್ಚೆ ಹೆಚ್ಚು ಆಗಲಿಲ್ಲ, ಏಸಿ ಆರಿಸುವ ಅಗತ್ಯವೂ ಬೀಳಲಿಲ್ಲ. ವೀಸಾ ಐರಿನ್ ಟೀಚರಿಗೆ ಎನ್ನುವವರು ಕೈ ಎತ್ತಿ ಎಂದು ಸಿಕ್ವೇರಾ ಕೇಳಿದರು. ಒಂಬತ್ತು ಕೈ ಎದ್ದವು. ವಿರೋಧ ಎಂದು ಕೇಳಿದಾಗ ಹಾಜಿಯವರು ಒಬ್ಬರೇ, ಎಲ್ಲರಿಗೂ ಕಾಣುವ ಹಾಗೆ, ಕೈಯನ್ನು ಪೂರ್ತಿ ಮೇಲಕ್ಕೆ ಎತ್ತಿದರು. ಎತ್ತಿದ ಕೈ ಇಳಿಸದೆ ನನ್ನ ಕಡೆ ನೋಡಿ, "ಬಾಯಮ್ಮ, ಅಧ್ಯಕ್ಷರು ವಿರೋಧ ಅಂತ ಸರಿಯಾಗಿ ಬರ್ಕೊಳ್ಳಿ" ಎಂದರು.

ಹೊರಗೆ ಹೋಗಿ ಐರಿನ್‌ಗೆ ಹೇಳಿದವಳು ನಾನು. ಅವಳು ಮಗಳ ತಲೆಯ ಮೇಲೆ ಕೈಯಿಟ್ಟಳು. ಹುಡುಗಿ, "ಮಮ್ಮಿ, ಹಾಗಾದ್ರೆ ನಾಳೆ ಓದ್ಬೇಕಾ?" ಎಂದು ಕೇಳಿ ನಮ್ಮಿಬ್ಬರನ್ನೂ ನಗಿಸಿದಳು.

ನನ್ನ ಫ್ಲಾಟೂ ಅವರ ಅಂಗಡಿಯಿದ್ದ ಮುಂತಜಾದಲ್ಲೇ ಇದ್ದುದರಿಂದ ಹಾಜಿಯವರು ನನ್ನನ್ನು ವ್ಯಾನಿನಲ್ಲಿ ಬಿಡುತ್ತೇನೆಂದರು. ಮುಂದಿನ ಸೀಟಿನಲ್ಲಿ ಕೂತ ಮೇಲೆ ನನ್ನ ತಲೆ ಕೆಲಸ ಮಾಡತೊಡಗಿತು. ಅವರ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ ಇದ್ದ ಆ ಇಬ್ಬರು ಗೆಳೆಯರನ್ನು ಬಿಟ್ಟು, ನೀರು ತುಂಬಿದ ರಸ್ತೆಯಲ್ಲಿ ಉಮ್ ಸೈದಿನವರೆಗೆ ಈ ಮನುಷ್ಯ ಹೋದದ್ದು ಯಾಕೆ?

ಕೇಳಿಯೇಬಿಟ್ಟೆ. "ಹಾಜಿಯವರೇ, ನಿಮ್ಮ ಪಕ್ಕದ ಮನೆಯವರನ್ನು ಯಾಕೆ ಕರ್ಕೊಂಡು ಬರ್ಲಿಲ್ಲ?"

"ಅಲ್ಲಿ ನೀರು ಉಂಟು ಬಾಯಮ್ಮ."

"ಉಮ್ ಸೈದ್ ದಾರಿಯಲ್ಲಿ ಇರ್ಲಿಲ್ವಾ?"

ವೈಪರು ಕಿರ್ ಕಿರ್ ಎನ್ನುತ್ತಿತ್ತು. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು. "ಭಾವನಿಗೆ ನಾನು ಕೊಟ್ಟ ಮಾತು ಎಂತದು ಗೊತ್ತುಂಟಾ? ನನ್ನ ಕೈ ನಿನ್ನ ಮಗಳಿಗೇ ಅಂತ. ಕೈ ಎತ್ತಿದೆನಾ ಇಲ್ವಾ?"

"ಎತ್ತಿದಿರಿ."

"ನೀವು ಬರ್ದಿದ್ದೀರಿ, ಹತ್ತು ಜನ ನೋಡಿದ್ದಾರೆ. ಖಲಾಸ್. ಕೋರಂ ಆಗದಿದ್ರೆ ನಾನೊಬ್ಬನೇ ಹೇಳ್ಬೇಕಿತ್ತು. ಐರಿನ್ ಟೀಚರಿಗೆ ಕೊಟ್ರೆ ಮಾತು ತಪ್ಪಿದವ. ಭಾವನ ಮಗಳಿಗೆ ಕೊಟ್ರೆ ಆ ಮಗುವಿನ ಪರೀಕ್ಷೆ ತಪ್ಪಿಸಿದವ. ಎರಡೂ ನನ್ನಿಂದ ಆಗ್ಲಿಕ್ಕಿಲ್ಲ ಬಾಯಮ್ಮ. ಒಬ್ಬನಿಂದ ಆಗದ್ದಕ್ಕೇ ಅಲ್ವಾ ಹದಿನೈದು ಜನ ಇಟ್ಟದ್ದು?"

ನನ್ನ ಕಣ್ಣು ತುಂಬಿತು. ಮಧ್ಯಾಹ್ನವೆಲ್ಲ ಅವರನ್ನು ಮನಸ್ಸಿನಲ್ಲೇ ಬೈದಿದ್ದೆ. ಮನೆ ಬಂದಾಗ ಇಳಿಯುತ್ತಿದ್ದ ನನ್ನ ಕೈಗೆ ಎರಡು ಸೇರಿನಷ್ಟು ನೀರುಳ್ಳಿ ಕಟ್ಟಿಕೊಟ್ಟು, ಚೀಲ ಒದ್ದೆಯಾಗಿದೆ, ಬೇಗ ಖರ್ಚು ಮಾಡಿ ಎಂದರು.

ಮುಂದೆ ಕಾಲ ಬದಲಾಯಿತು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಬೈಲಾವನ್ನು ಹೊಸದಾಗಿ ಬರೆದರು. ಮೂರರಲ್ಲಿ ಒಂದು ಪಾಲು ಬಂದರೆ ಕೋರಂ, ಅದೂ ಇಲ್ಲದಿದ್ದರೆ ಅರ್ಧ ಗಂಟೆಯ ಮೇಲೆ ಬಂದಷ್ಟೇ ಜನ ಸಾಕು. ಒಳ್ಳೆಯ ನಿಯಮವೇ, ಸಭೆಗಳು ಹೊತ್ತಿಗೆ ಸರಿಯಾಗಿ ಶುರುವಾದವು, ಏಸಿಯೂ ಹೊಸದು. ಅದರ ಪರವಾಗಿ ಮೊದಲು ಕೈ ಎತ್ತಿದವರು ಹಾಜಿಯವರೇ. ವ್ಯಾನು ಮತ್ತೆ ಬರೀ ನೀರುಳ್ಳಿ ಹೊರುವ ವ್ಯಾನಾಯಿತು. ಐದು ಜನ ಬಂದು, ಐದು ಜನ ತೀರ್ಮಾನಿಸಿ, ಒಬ್ಬರ ಮುಖ ಒಬ್ಬರು ಹೆಚ್ಚು ನೋಡದೆ ಮನೆಗೆ ಹೋಗುತ್ತಿದ್ದರು. ನಡಾವಳಿ ಬರೆಯುವುದು ಸುಲಭವಾಯಿತು. ಬರೆಯುವ ಖುಷಿ ಮಾತ್ರ ಹೋಯಿತು.

ಐರಿನ್‌ಳ ಗಂಡನಿಗೆ ಬೇರೆ ಕೆಲಸ ಸಿಕ್ಕಿತು. ಭಾವನ ಮಗಳಿಗೂ ಮುಂದೆ ಬೇರೊಂದು ಶಾಲೆಯಲ್ಲಿ ಕೆಲಸವಾಗಿ ದೋಹಾಕ್ಕೆ ಬಂದಳು. ಅವಳು ಮೊದಲ ಸಲ ನನ್ನನ್ನು ಕಂಡಾಗ, ಮಾವ ನನಗೋಸ್ಕರ ಒಬ್ಬರೇ ಕೈ ಎತ್ತಿದ್ದರಂತೆ, ಹೌದಾ, ಎಂದು ಹೆಮ್ಮೆಯಿಂದ ಕೇಳಿದಳು. ಹೌದು, ಪೂರ್ತಿ ಮೇಲಕ್ಕೆ ಎತ್ತಿದ್ದರು ಎಂದೆ. ಸುಳ್ಳೇನೂ ಹೇಳಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ನಾನು ಕೆಲಸ ಬಿಟ್ಟು ಊರಿಗೆ ಹೊರಟೆ. ಶಾಲೆಯಲ್ಲಿ ಹಾರ, ಭಾಷಣ ಎಲ್ಲ ಆಗಿತ್ತು. ಹೊರಡುವ ದಿನ ಟ್ಯಾಕ್ಸಿ ಕಾಯುತ್ತಾ ಪೆಟ್ಟಿಗೆಗಳ ಜೊತೆ ಫ್ಲಾಟಿನ ಕೆಳಗೆ ನಿಂತಿದ್ದೆ. ಟ್ಯಾಕ್ಸಿ ಬರಲಿಲ್ಲ. ಮೂಲೆಯಲ್ಲಿ ತಿರುಗಿ ಬಂದದ್ದು ಆ ಹಳೆಯ ವ್ಯಾನು. ಆಗ ಹಾಜಿಯವರು ಅಧ್ಯಕ್ಷರಾಗಿರಲಿಲ್ಲ, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಇಳಿದು ಬಂದು ಹಿಂದಿನ ಬಾಗಿಲು ತೆರೆದರು. ಚೀಲಗಳ ಮೇಲೆ ಸಿಕ್ವೇರಾ ಟೈ ಕಟ್ಟಿಕೊಂಡು ಕೂತಿದ್ದರು. ಅವರ ಪಕ್ಕ ಐರಿನ್, ಅವಳ ಪಕ್ಕ ಕಾಲೇಜಿನ ರಜೆಗೆಂದು ಬಂದಿದ್ದ ಮಗಳು. ಎಲ್ಲರ ಬಟ್ಟೆಗೂ ನೀರುಳ್ಳಿ ಸಿಪ್ಪೆ. ನಾನು ಅಲ್ಲಿಯೇ, ರಸ್ತೆಯ ಬದಿಯಲ್ಲಿ, ಅತ್ತುಬಿಟ್ಟೆ.

ಹಾಜಿಯವರು ನನ್ನ ಪೆಟ್ಟಿಗೆ ಎತ್ತಿ ಒಳಗಿಟ್ಟು ಕೇಳಿದರು, "ಕೋರಂ ಆಯ್ತಲ್ಲಾ ಬಾಯಮ್ಮ, ಇನ್ನು ಹೊರಡುವುದಾ?"

"ಸ್ವಲ್ಪ ನಿಲ್ಲಿ ಹಾಜಿಯವರೇ" ಎಂದೆ. ಸಿಕ್ವೇರಾ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು.